ಅಂಗಡಿ ಮುಚ್ಚಿದ ಅಣ್ಣನ ಜೊತೆ ಹೇಗಿರಬೇಕು? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿಯಿಂದ: ಅಣ್ಣನ ಬಟ್ಟೆ ಅಂಗಡಿ ನಷ್ಟದಲ್ಲಿ ಮುಚ್ಚಿತು. ಮೇಲೆ ಸಾಲ. ಈಗ ಸರಿಯಾಗಿ ಊಟ ಮಾಡಲ್ಲ, ಯಾರ ಜೊತೆಗೂ ಮಾತಿಲ್ಲ. ಮನೆಗೆ ಬಂದವರೆಲ್ಲ ಬುದ್ಧಿ ಹೇಳಿ ಹೋಗುತ್ತಾರೆ, ಅವನು ಎದ್ದು ಒಳಗೆ ಹೋಗಿ ಮಲಗುತ್ತಾನೆ. ತಂಗಿಯಾಗಿ ನಾನೇನು ಮಾಡಲಿ?

ಗದಗಿನಿಂದ: ತಂಗಿ, ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್ ಬುಕ್ಕು ಅಂತ ನಡೀತಿತ್ತು. ಅದು ಮುಚ್ಚಿದಾಗ ಸಾಲಕ್ಕಿಂತ ಜಾಸ್ತಿ ಸುಸ್ತು ಮಾಡಿದ್ದು ಸಮಾಧಾನ ಹೇಳೋಕೆ ಬಂದವರು. ‘ಧೈರ್ಯ ತಗೋ’ ಅಂತಾರೆ, ಚಹಾ ಕುಡೀತಾರೆ, ಪಕ್ಕದ ಮನೆಗೆ ಹೋಗಿ ನನ್ನದೇ ಸುದ್ದಿ. ಕೈ ಹಿಡಿದದ್ದು ನಮ್ಮ ಕಾಕಾ. ಸಂಜೆ ಬಂದವರು ‘ಉದ್ರಿ ಬುಕ್ಕು ಎಲ್ಲಿ?’ ಅಂದರು, ಅಷ್ಟೇ. ಕನ್ನಡಕ ಏರಿಸಿಕೊಂಡು ಎರಡು ಪಟ್ಟಿ ಬರೆದರು: ನನಗೆ ಬರಬೇಕಾದದ್ದು, ನಾನು ಕೊಡಬೇಕಾದದ್ದು. ಆಮೇಲೆ ಪೇಪರ್ ಅಂಗಡಿಯವರ ಹತ್ತಿರ ತಾವೇ ಹೋಗಿ ಕಂತಿನ ಮಾತಾಡಿ ಬಂದಿದ್ದರು. ನನಗೆ ಹೇಳಲೂ ಇಲ್ಲ, ಅಂಗಡಿಯವರಿಂದ ಗೊತ್ತಾಯಿತು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೆಂಟರನ್ನು ಸಾಗಹಾಕುತ್ತಿದ್ದಳು. ಅದೂ ಸಣ್ಣ ಉಪಕಾರ ಅಲ್ಲ!

ಧಾರವಾಡದಿಂದ: ಆ ಕಾಕಾನ ರೀತಿ ಸಂಶೋಧನೆಯಲ್ಲೂ ಕಂಡಿದೆ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ನಿಯಾಲ್ ಬೋಲ್ಜರ್ ಮತ್ತು ಜೊತೆಗಾರರು ವಕೀಲಿ ಪರೀಕ್ಷೆಗೆ ಓದುತ್ತಿದ್ದವರಿಂದಲೂ ಅವರ ಸಂಗಾತಿಗಳಿಂದಲೂ ದಿನಾ ಡೈರಿ ಬರೆಸಿದರು. 2000ರಲ್ಲಿ ಅದು ಪ್ರಕಟವಾಯಿತು. ಸಂಗಾತಿ ಸಹಾಯ ಮಾಡಿದ್ದು ಓದುವವರ ಗಮನಕ್ಕೇ ಬರದಿದ್ದಾಗ ಹೆಚ್ಚು ಪ್ರಯೋಜನ ಆಗಿತ್ತು. ‘ನನಗೆ ಸಹಾಯ ಮಾಡ್ತಿದ್ದಾರೆ’ ಅಂತ ಗೊತ್ತಾದಾಗ ಮನಸ್ಸು ಕುಗ್ಗಿದ್ದೂ ಇತ್ತು. ಆದರೆ ನಿಮ್ಮಣ್ಣ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಅಂತೂ ಹತ್ತಿರವೇ ಇದೆ.

ಹಾವೇರಿಯಿಂದ: ಎಲ್ಲವನ್ನೂ ಸದ್ದಿಲ್ಲದೆ ಮಾಡಿದರೂ ಕಷ್ಟವೇ. ಏಳನೇ ತಿಂಗಳಲ್ಲಿ ನನ್ನ ಮಗು ಹೋದಾಗ, ನೋವಾದೀತು ಅಂತ ತವರಿನವರು ಆ ಮಾತೇ ಎತ್ತಲಿಲ್ಲ. ಹೊಲಿದಿಟ್ಟ ಕುಂಚಿಗೆಯನ್ನೂ ನನಗೆ ಕಾಣದ ಹಾಗೆ ತೆಗೆದುಬಿಟ್ಟಿದ್ದರು. ಕಾಳಜಿಯಿಂದಲೇ ಮಾಡಿದ್ದು, ಆದರೆ ಇವರಿಗೆಲ್ಲ ಮಗು ಮರೆತೇ ಹೋಯಿತಾ ಅನಿಸಿತು ನನಗೆ. ವೈನಿ ಒಬ್ಬರೇ ಸೊಪ್ಪು ಸೋಸುತ್ತಾ ಕೂತಾಗ ‘ಕೂಸಿನ ನೆನಪು ಬರ್ತದೇನು?’ ಅಂತ ನೇರವಾಗಿ ಕೇಳಿದರು. ಅವತ್ತು ಮನಸಾರೆ ಅತ್ತೆ. ನೀವೂ ಒಮ್ಮೆ ಅಣ್ಣನನ್ನು ಕೇಳಿ, ಬೇರೆ ಯಾರೂ ಇಲ್ಲದಾಗ. ಬೇಡ ಅಂದರೆ ಬಿಡಿ, ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿ.