ತಳಿ ಸಂಘವೊಂದು ನಾಯಿಗಳನ್ನು ರಕ್ಷಿಸುತ್ತಲೇ ಮರಿ ಮಾಡಿಸುವುದು ಸರಿಯೇ?

ಪ್ರಶ್ನೆ: ಲ್ಯಾಬ್ರಡಾರ್ ತಳಿಯ ಸಂಘವೊಂದು ಅನಾಥ ನಾಯಿಗಳಿಗೆ ಮನೆ ಹುಡುಕುತ್ತಲೇ ಸದಸ್ಯರು ಮರಿ ಮಾಡಿಸುವುದನ್ನೂ ಪ್ರೋತ್ಸಾಹಿಸುತ್ತದೆ. ಇವೆರಡೂ ಪರಸ್ಪರ ವಿರುದ್ಧವಲ್ಲವೇ?

ಉತ್ತರ 1: ಅಲ್ಲವೆಂದೇ ನನ್ನ ಅಭಿಪ್ರಾಯ. ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರಬಲ್ಲದಾದ್ದರಿಂದ, ಎಕ್ಸ್‌ರೇ ನೋಡದೆ ನಾಯಿಗಳನ್ನು ಕೂಡಿಸಬಾರದೆಂದು ಒಳ್ಳೆಯ ಸಂಘಗಳು ಪಟ್ಟು ಹಿಡಿಯುತ್ತವೆ. ನಾಯಿಗಳ ಮೂಳೆ-ಕೀಲುಗಳ ಎಕ್ಸ್‌ರೇ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಓಎಫ್‌ಎ ಸಂಸ್ಥೆಯಂತೂ 24 ತಿಂಗಳು ತುಂಬುವ ಮೊದಲು ಸೊಂಟದ ಅಂತಿಮ ಪ್ರಮಾಣಪತ್ರವನ್ನೇ ಕೊಡುವುದಿಲ್ಲ. ಮರಿ ಕೊಂಡವರಿಗೆ ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ತಮಗೇ ಮರಳಿಸಬೇಕೆಂದು ಸಂಘದವರು ಬರೆಸಿಕೊಳ್ಳುವುದೂ ರಕ್ಷಣೆಯ ಕೆಲಸವೇ.

ಉತ್ತರ 2: ನಾನು ತಾತ್ಕಾಲಿಕವಾಗಿ ಸಾಕಿದ ಹೆಣ್ಣುನಾಯಿಗೆ ಮೇಲಿಂದ ಮೇಲೆ ಹೆತ್ತು ಮೊಲೆಗಳು ಜೋತುಬಿದ್ದಿದ್ದವು, ಬಾಗಿಲು ಸದ್ದಾದರೆ ಸಾಕು, ಮಂಚದಡಿ ಸೇರಿಬಿಡುತ್ತಿತ್ತು. ಸಂಘವು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಬಳಿಕವಷ್ಟೇ ಅದನ್ನು ದತ್ತು ಕೊಟ್ಟಿತು.

ಪ್ರಶ್ನೆ ಕೇಳಿದವರು: ಹಾಗಾದರೆ ಮರಿ ಕೊಳ್ಳುವ ಮುನ್ನ ಎಕ್ಸ್‌ರೇ ವರದಿಯನ್ನೂ ತಾಯಿನಾಯಿಯನ್ನೂ ತಪ್ಪದೇ ನೋಡುತ್ತೇನೆ.