ಪದಚರ್ಚೆ: ಎಳೆಯ ಕುದುರೆಯನ್ನು ‘ಪಳಗಿಸುವುದೇ’, ‘ತಿದ್ದುವುದೇ’?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಮಗಳು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. ಅಲ್ಲಿ ಎನ್‌ಸಿಸಿಯ ಕುದುರೆ ದಳಕ್ಕೆ ಸೇರಿ ಹೋದ ವರ್ಷದಿಂದ ಸವಾರಿ ಕಲಿಯುತ್ತಿದ್ದಾಳೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಆ ಬಗ್ಗೆ ಕನ್ನಡದಲ್ಲೇ ಬರೆದುಕೊಡು ಅಂತ ಕೇಳಿದ್ದಾರೆ. ತನ್ನ ಸವಾರಿಯ ಜೊತೆಗೆ, ಹೊರದೇಶದ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಎಳೆಯ ಕುದುರೆಗಳಿಗೆ ಸವಾರಿ ಕಲಿಸುವ ಪಾಠವನ್ನೂ ಸೇರಿಸಿದ್ದಾಳೆ. ನಾವಿರುವುದು ಕುಣಿಗಲ್ಲಿನಲ್ಲಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಆದರೂ ಅವಳ ಕರಡು ಹಿಡಿದು ಎರಡು ಭಾನುವಾರ ಕೂತಾಗ ನಾಲ್ಕೈದು ಪದಗಳ ಹತ್ತಿರ ಇಬ್ಬರೂ ನಿಂತುಬಿಟ್ಟೆವು. ಅದಕ್ಕೇ ಈ ಪತ್ರ.

ಮೊದಲನೆಯದು, ದೊಡ್ಡದು. ಎಳೆಯ ಕುದುರೆಗೆ ಮೊದಲ ಸಲ ಜೀನು ಹೊರಿಸಿ, ಬೆನ್ನ ಮೇಲೆ ಮನುಷ್ಯನನ್ನು ಒಪ್ಪಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹಳೆಯ ಮಾತು ‘ಬ್ರೇಕಿಂಗ್’. ಮುರಿಯುವುದು ಎಂಬ ಅರ್ಥ ಅದರೊಳಗೇ ಇದೆ. ಮಗಳು ಅದನ್ನು ‘ಕುದುರೆಯನ್ನು ಮಣಿಸುವುದು’ ಎಂದು ಬರೆದಿದ್ದಳು. ಈಗ ಅಲ್ಲಿಯವರೇ ಬಹಳ ಮಂದಿ ಆ ಮಾತು ಬಿಟ್ಟು ‘ಸ್ಟಾರ್ಟಿಂಗ್’ ಅನ್ನುತ್ತಾರೆ, ಅಂದರೆ ಶುರು ಮಾಡಿಕೊಡುವುದು. ಅವರು ಕೈಬಿಟ್ಟ ಅರ್ಥವನ್ನು ನಾವು ಹೊಸದಾಗಿ ಕನ್ನಡಕ್ಕೆ ತಂದು ಕೂರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಪಾಠ ಹೇಗೆ ನಡೆಯುತ್ತದೆ ಅಂತ ಅವಳಿಂದಲೇ ಹೇಳಿಸಿಕೊಂಡೆ. ಅಮೆರಿಕದ ಮೊಂಟಾನಾ ರಾಜ್ಯದ ಡಿಲ್ಲನ್ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪದವಿಯೇ ಇದೆ. ಅಲ್ಲಿ ಒಂದು ಸಲಕ್ಕೆ ಒಂದೇ ವಿಷಯ, 18 ದಿನ ಅದನ್ನೇ ಓದಿ ಮುಗಿಸಿ ಮುಂದಿನದಕ್ಕೆ ಹೋಗುತ್ತಾರೆ. ಎಳೆಯ ಕುದುರೆಗೆ ಇದು ಹೇಳಿ ಮಾಡಿಸಿದ ಕ್ರಮ, ಏಕೆಂದರೆ ದಿನವೂ ಅದೇ ಕೈ ಅದರ ಮೈಮೇಲೆ ಬೀಳಬೇಕು. ಇಂಥ ಕಲಿಸುವಿಕೆಯಲ್ಲಿ ಮೊದಲು ನೆಲದ ಮೇಲಿನ ಕೆಲಸ. ಹಗ್ಗ ಹಿಡಿದು ನಡೆಸುವುದು, ನಿಲ್ಲಿಸುವುದು, ಹಿಂದಕ್ಕೆ ಸರಿಸುವುದು. ಆಮೇಲೆ ಬೆನ್ನ ಮೇಲೆ ಬರೀ ಬಟ್ಟೆ, ಆಮೇಲೆ ಜೀನು, ಕೊನೆಗೆ ಮನುಷ್ಯ. ಇದೆಲ್ಲದರ ತಿರುಳು ಒಂದೇ: ಹಗ್ಗವನ್ನು ಮೆಲ್ಲಗೆ ಬಿಗಿ ಹಿಡಿಯಬೇಕು, ಕುದುರೆ ಆ ಕಡೆಗೆ ಒಂದು ಹೆಜ್ಜೆ ಇಟ್ಟ ಗಳಿಗೆಗೇ ಸಡಿಲ ಬಿಡಬೇಕು. ಕುದುರೆ ಕಲಿಯುವುದು ಬಿಗಿತದಿಂದಲ್ಲ, ಸಡಿಲಾದದ್ದರಿಂದ. ಬಿಡುವುದು ತಡವಾದರೆ ಯಾವುದಕ್ಕೆ ಬಿಟ್ಟರು ಅಂತ ಅದಕ್ಕೆ ತಿಳಿಯುವುದಿಲ್ಲ.

ಇದನ್ನು ಕೇಳುತ್ತಿದ್ದ ಹಾಗೆ ನನಗೆ ನಮ್ಮಜ್ಜ ಕಣ್ಣಮುಂದೆ ಬಂದರು. ನಮ್ಮ ಮನೆಯಲ್ಲಿ ಹಳ್ಳಿಕಾರ್ ಜೋಡಿ ಇತ್ತು. ಹೊಸ ಹೋರಿಯನ್ನು ನೊಗಕ್ಕೆ ಕಟ್ಟುವ ಮೊದಲು ಅಜ್ಜ ಅದನ್ನು ಬರೀ ಹಗ್ಗದಲ್ಲಿ ಹೊಲದ ಬದುವಿನ ಮೇಲೆ ದಿನಗಟ್ಟಲೆ ಓಡಾಡಿಸುತ್ತಿದ್ದರು. ಹಗ್ಗ ನನ್ನ ಕೈಗೆ ಬಂದಾಗ ನಾನು ಹೆದರಿ ಬಿಗಿಯಾಗಿ ಜಗ್ಗಿ ಹಿಡಿದಿದ್ದೆ. ‘ಬಿಗೀಬ್ಯಾಡ ಕಣ್ಲಾ, ಅದು ಮುಂದ್ಕೆ ಬಂದೇಟ್ಗೆ ಸಡ್ಲ ಬಿಡು’ ಅಂದರು. ಬಿಟ್ಟೆ. ಹೋರಿ ತಲೆ ತಗ್ಗಿಸಿ ನನ್ನ ಹಿಂದೆ ನಾಲ್ಕು ಹೆಜ್ಜೆ ಬಂತು. ಆ ಹಗ್ಗ ಸಡಿಲಾಗಿ ಮೊಣಕೈಗೆ ತಾಕಿದ್ದು ಇವತ್ತಿಗೂ ನೆನಪಿದೆ. ಅಜ್ಜ ಆ ಕೆಲಸಕ್ಕೆ ‘ಹೋರಿ ತಿದ್ದೋದು’ ಅನ್ನುತ್ತಿದ್ದರು.

‘ತಿದ್ದು’ ನನಗೆ ಬಹಳ ಹಿಡಿಸಿದ ಮಾತು. ಮರಳಿನ ಮೇಲೆ ಅಕ್ಷರ ತಿದ್ದಿಸುವಾಗ ಮಗುವಿನ ಬೆರಳು ಹಿಡಿದು, ಗೆರೆ ಸರಿಹೋದಾಗ ಕೈ ಬಿಡುತ್ತೇವಲ್ಲ, ಅದೇ ಕೆಲಸ. ಆದರೆ ಮಗಳ ವಾದ ಬೇರೆ. ಇವತ್ತು ‘ತಿದ್ದು’ ಎಂದರೆ ತಪ್ಪು ಸರಿಪಡಿಸು ಎಂದೇ ಓದುಗರು ಓದುತ್ತಾರೆ, ಎಳೆಯ ಕುದುರೆ ಮಾಡಿದ ತಪ್ಪೇನು ಎನ್ನುತ್ತಾಳೆ. ಅವಳಿಗೆ ‘ಪಳಗಿಸು’ ಬೇಕು. ‘ಪಳಗು’ ಎಂದರೆ ರೂಢಿಯಾಗು, ಒಗ್ಗಿಕೊ. ಇದರಲ್ಲೂ ಮುರಿಯುವ ಸುಳಿವಿಲ್ಲ. ಇನ್ನೂ ಒಂದು ಚೆಲುವಿದೆ: ‘ಪಳಗಿದ ಕುದುರೆ’ ಎನ್ನುವ ನಾವು ‘ಪಳಗಿದ ಕೈ’ ಅಂತಲೂ ಅನ್ನುತ್ತೇವೆ. ಅಂದರೆ ಹತ್ತಿದವನೂ ಹೊತ್ತದ್ದೂ ಒಂದೇ ಕ್ರಿಯಾಪದದಲ್ಲಿ ಕಲಿಯುತ್ತಾರೆ. ಕಾಲೇಜಿನಲ್ಲಿ ಹುಡುಗರೂ ಹೊಸಬರು, ಕುದುರೆಯೂ ಹೊಸದು, ಅಲ್ಲಿಗೆ ಇದಕ್ಕಿಂತ ಹೊಂದುವ ಮಾತಿಲ್ಲ. ನನ್ನ ಅಳುಕು ಇಷ್ಟೆ: ‘ಪಳಗಿಸು’ ಎಂದೊಡನೆ ಕಾಡಿನಿಂದ ಹಿಡಿದು ತಂದ ಆನೆ ನೆನಪಾಗುತ್ತದೆ. ಲಾಯದಲ್ಲೇ ಹುಟ್ಟಿ, ಹುಟ್ಟಿದ ದಿನದಿಂದ ಮನುಷ್ಯರನ್ನು ಕಂಡ ಕುದುರೆಗೂ ಅದು ಸಲ್ಲುತ್ತದೆಯೇ?

ಎರಡನೆಯದು, ಆ ಪ್ರಾಯದ ಕುದುರೆಗೆ ಹೆಸರು. ದನಕ್ಕಾದರೆ ನಮ್ಮಲ್ಲಿ ಕರು, ಕಡಸು, ಹೋರಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಮಾತುಗಳಿವೆ. ಕುದುರೆಗೆ ‘ಮರಿ’ ಆದಮೇಲೆ ನೇರ ‘ಕುದುರೆ’ಯೇ. ಎರಡು ಮೂರು ವರ್ಷದ್ದನ್ನು ಮರಿ ಎಂದು ಬರೆದರೆ ಓದುಗರು ತಾಯ ಹಾಲು ಕುಡಿಯುವುದನ್ನು ಕಾಣುತ್ತಾರೆ. ನಾನು ‘ಎಳೆಗುದುರೆ’ ಎಂದು ಬರೆಸಿದ್ದೇನೆ. ಬಿಸಿಲುಗುದುರೆ, ಕೀಲುಗುದುರೆ ಇರುವ ಭಾಷೆಯಲ್ಲಿ ಎಳೆಗುದುರೆ ಅಪರಿಚಿತ ಅನ್ನಿಸುವುದಿಲ್ಲ.

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಕೇಳುವ ಹಾಗೆ ‘ಎರಡು ಹಲ್ಲಿನದು’, ‘ಬಾಯಿಗೂಡಿದ್ದು’ (ಹಲ್ಲು ಪೂರ್ತಿ ಬಂದದ್ದು) ಎಂದು ಹಲ್ಲು ನೋಡಿ ಪ್ರಾಯ ಹೇಳುವ ಲೆಕ್ಕವನ್ನು ಕುದುರೆಗೂ ತರೋಣ ಅಂದುಕೊಂಡಿದ್ದೆ. ಮಗಳು ತಡೆದಳು, ಅವಳು ಹೇಳಿದ್ದು ಸರಿ. ದನಕ್ಕೆ ಮೇಲುದವಡೆಯಲ್ಲಿ ಮುಂಬಲ್ಲೇ ಇಲ್ಲ, ಕೆಳಗಿನ ಎಂಟನ್ನೇ ಎಣಿಸುತ್ತೇವೆ. ಕುದುರೆಗೆ ಮೇಲೆ ಆರು, ಕೆಳಗೆ ಆರು. ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಹಾಲುಹಲ್ಲು ಮೇಲೂ ಕೆಳಗೂ ಒಟ್ಟಿಗೆ ಬದಲಾಗುತ್ತದೆ, ಐದು ವರ್ಷದ ಹೊತ್ತಿಗೆ ಬಾಯಿ ತುಂಬುತ್ತದೆ. ಹಾಗಾಗಿ ‘ಎರಡು ಹಲ್ಲಿನ ಕುದುರೆ’ ಎಂದರೆ ತಪ್ಪು ಲೆಕ್ಕವಾಗುತ್ತದೆ. ‘ಬಾಯಿಗೂಡಿದ ಕುದುರೆ’ ಮಾತ್ರ ನಿಲ್ಲುತ್ತದೆ, ಅದನ್ನು ಉಳಿಸಿಕೊಂಡೆವು.

ಸಲಕರಣೆಗಳಲ್ಲಿ ಅಷ್ಟು ತೊಡಕಿಲ್ಲ. ಲಗಾಮು, ಜೀನು, ಸವಾರಿ ಪಾರಸಿಯಿಂದ ಬಂದು ನಮ್ಮವೇ ಆಗಿವೆ. ಬಾಯಿಗೆ ಹಾಕುವ ಕಬ್ಬಿಣಕ್ಕೆ ‘ಕಡಿವಾಣ’ ಇದೆ. ‘ಬೆಲೆ ಏರಿಕೆಗೆ ಕಡಿವಾಣ’ ಎಂದು ಪತ್ರಿಕೆಯಲ್ಲಿ ದಿನವೂ ಓದುವ ಮಕ್ಕಳಿಗೆ ಆ ಕಬ್ಬಿಣದ ತುಂಡು ಹೇಗಿರುತ್ತದೆಂದು ತೋರಿಸಬೇಕು, ಅಷ್ಟೆ. ಸಿಕ್ಕದೆ ಇರುವುದು ‘ಹಾಲ್ಟರ್’ಗೆ. ಬಾಯಿಗೆ ಏನೂ ಹಾಕದೆ, ಮೂಗಿನ ಮೇಲೆ, ಕಿವಿಗಳ ಹಿಂದೆ ಹಾದು ಗಲ್ಲದ ಕೆಳಗೆ ಸೇರುವ ಹಗ್ಗ ಅದು. ಎಳೆಗುದುರೆಯ ಪಾಠವೆಲ್ಲ ಶುರುವಾಗುವುದೇ ಅದರಿಂದ. ಮೂಗುದಾರ ಅನ್ನುವಂತಿಲ್ಲ, ಮೂಗು ಚುಚ್ಚುವುದಿಲ್ಲ. ಸದ್ಯಕ್ಕೆ ‘ಮುಖದ ಹಗ್ಗ’ ಎಂದು ಬರೆದಿದ್ದೇವೆ.

ಕೊನೆಯದು ನಡಿಗೆ. ‘ನಾಗಾಲೋಟ’ ನಾಲ್ಕು ಕಾಲಿನ ಓಟ. ಕುದುರೆ ಪೂರ್ತಿ ಬಿಟ್ಟು ಓಡುವಾಗ ನಾಲ್ಕು ಗೊರಸೂ ಒಂದರ ಹಿಂದೊಂದು ಬೇರೆ ಬೇರೆ ಸದ್ದು ಮಾಡುತ್ತವೆ, ಹೆಸರಿಟ್ಟವರ ಕಿವಿ ಎಷ್ಟು ಸೂಕ್ಷ್ಮ ನೋಡಿ. ‘ಟ್ರಾಟ್’ನಲ್ಲಿ ಮುಂದಿನ ಒಂದು ಕಾಲು, ಹಿಂದಿನ ಎದುರು ಬದಿಯ ಕಾಲು ಜೊತೆಯಾಗಿ ಬೀಳುತ್ತವೆ, ಎರಡೇ ಸದ್ದು. ಜಟಕಾ ಗಾಡಿಯ ಕುದುರೆಯ ಆ ಓಟಕ್ಕೆ ನಮ್ಮ ಹಿರಿಯರು ‘ಕುಕ್ಕುಲೋಟ’ ಅನ್ನುತ್ತಿದ್ದರು. ಮೊದಲ ವಾರ ಜೀನಿನ ಮೇಲೆ ಕುಕ್ಕಿಸಿಕೊಂಡು ಬಂದು ನೆಟ್ಟಗೆ ಕೂರಲಾರದೆ ಇದ್ದ ಮಗಳು ಈ ಪದ ಕೇಳಿದ ಕೂಡಲೇ ಬರೆದುಕೊಂಡಳು. ಇವೆರಡರ ನಡುವಿನ, ಮೂರು ಸದ್ದಿನ ‘ಕ್ಯಾಂಟರ್’ಗೆ ನಮ್ಮ ಬಾಯಲ್ಲಿ ಮಾತಿಲ್ಲ. ಅಮರಕೋಶ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದು ಗತಿ ಹೇಳುತ್ತದೆ, ಆದರೆ ಅವನ್ನು ತಂದು ಹಾಕಿದರೆ ಹುಡುಗರು ಆ ಸಾಲನ್ನೇ ದಾಟಿ ಹೋಗುತ್ತಾರೆ.

ಕುದುರೆ ಕಟ್ಟಿದ ಮನೆಯವರು, ಜಟಕಾ ಓಡಿಸಿದವರು, ಅವರ ಮಕ್ಕಳು ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಕಡೆ ಎಳೆಗುದುರೆಯನ್ನು ಪಳಗಿಸುತ್ತಾರೋ, ತಿದ್ದುತ್ತಾರೋ? ಆ ಮುಖದ ಹಗ್ಗಕ್ಕೂ ಮೂರು ಸದ್ದಿನ ಓಟಕ್ಕೂ ಮನೆಯಲ್ಲಿ ಏನನ್ನುತ್ತಿದ್ದರು? ನಿಘಂಟಿನಲ್ಲಿ ಇರದ ಮಾತಾದರೂ ಸರಿ, ಯಾವ ಊರಿನದೆಂದು ಸೇರಿಸಿ ಬರೆದರೆ ಮಗಳ ಲೇಖನದಲ್ಲಿ ಆ ಊರಿನ ಹೆಸರಿನೊಂದಿಗೇ ಹಾಕಿಸುತ್ತೇನೆ.