‘ಲೈಕ್ಲಿ’ ಅಂದರೆ ಎಷ್ಟು ಗ್ಯಾರಂಟಿ? ನೀವು ಹೇಗೆ ಬಳಸುತ್ತೀರಿ?

ಕೇಳಿದವರು: ಆಫೀಸಿನ ಮೇಲ್‌ಗಳಲ್ಲಿ ‘ಲೈಕ್ಲಿ’ ಪದೇ ಪದೇ ಬರುತ್ತದೆ. ‘ದಿ ಮೀಟಿಂಗ್ ಈಸ್ ಲೈಕ್ಲಿ ಟು ಬಿ ಪೋಸ್ಟ್‌ಪೋನ್ಡ್’ ಅಂತ ಬಂದರೆ ಮೀಟಿಂಗ್‌ಗೆ ತಯಾರಾಗಬೇಕಾ, ಬೇಡ್ವಾ? ‘ಪ್ರಾಬಬ್ಲಿ’ ಇರೋ ಕಡೆಯೆಲ್ಲ ಇದನ್ನೇ ಹಾಕಬಹುದಾ? ದಿನಾ ಇಂಗ್ಲಿಷ್ ಬರೆಯುವವರು ಸ್ವಲ್ಪ ಹೇಳಿ.

ಅನುವಾದಕಿ: ಮೀಟಿಂಗ್ ಮುಂದಕ್ಕೆ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ, ಖಾತ್ರಿ ಇಲ್ಲ ಅಷ್ಟೇ. ಅನುವಾದ ಮಾಡುವಾಗ ಈ ಪದ ಸಿಕ್ಕರೆ ನಾನು ‘ಬಹುದು’ ಹಾಕಿ ಸುಮ್ಮನಾಗುವುದಿಲ್ಲ. ‘ಮಳೆ ಬರಬಹುದು’ ಅಂದರೆ ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ‘ಒಳಗೆ ಬರಬಹುದು’ ಅಂದರೆ ಅದು ಅಪ್ಪಣೆ! ಲೈಕ್ಲಿ ಇಷ್ಟು ಸಡಿಲ ಅಲ್ಲ, ಒಂದು ಕಡೆಗೆ ವಾಲಿರುತ್ತದೆ. ‘ಮಳೆ ಬರುವ ಹಾಗಿದೆ’, ‘ಬರುವ ಸಂಭವವೇ ಜಾಸ್ತಿ’ ಅಂದರೆ ಹತ್ತಿರ ಬರುತ್ತದೆ. ‘ಅನ್‌ಲೈಕ್ಲಿ’ಗೆ ‘ಬರೋದು ಅನುಮಾನ’ ಸಾಕು.

ಇಂಗ್ಲಿಷ್ ಮೇಷ್ಟ್ರು: ಎರಡನೇ ಪ್ರಶ್ನೆಗೆ ಉತ್ತರ, ಎಲ್ಲ ಕಡೆ ಆಗಲ್ಲ. ಕೊನೆಗೆ ‘ಲಿ’ ಇದ್ದ ಮಾತ್ರಕ್ಕೆ ಕ್ರಿಯಾವಿಶೇಷಣ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಇದು ಗುಣವಾಚಕ, ‘ಫ್ರೆಂಡ್ಲಿ’ ಥರ. ‘ಶಿ ಈಸ್ ಲೈಕ್ಲಿ ಟು ವಿನ್’ ಸರಿ. ‘ಶಿ ಈಸ್ ಪ್ರಾಬಬಲ್ ಟು ವಿನ್’ ತಪ್ಪು. ‘ಶಿ ವಿಲ್ ಪ್ರಾಬಬ್ಲಿ ವಿನ್’ ಸರಿ. ಇವೆರಡನ್ನೂ ಕಲಸಿ ‘ಶಿ ವಿಲ್ ಲೈಕ್ಲಿ ಟು ವಿನ್’ ಅಂತ ಬರೆಯುವವರೇ ಜಾಸ್ತಿ. ‘ವಿಲ್’ ಬಂದರೆ ‘ಟು’ ಬಿಡಿ. ಅಮೆರಿಕನ್ನರು ‘ಶಿ ವಿಲ್ ಲೈಕ್ಲಿ ವಿನ್’ ಅಂತ ಆರಾಮಾಗಿ ಬರೆಯುತ್ತಾರೆ. ಬ್ರಿಟಿಷ್ ಶೈಲಿಯಲ್ಲಿ ಮುಂಚೆ ಒಂದು ‘ವೆರಿ’ ಅಥವಾ ‘ಮೋಸ್ಟ್’ ಸೇರಿಸುವುದು ವಾಡಿಕೆ.

ವರದಿ ಬರೆಯುವವನು: ಕೆಲವರು ಇದಕ್ಕೆ ಅಂಕಿಯನ್ನೇ ಕಟ್ಟಿದ್ದಾರೆ. ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡುವ ಐಪಿಸಿಸಿ ಲೆಕ್ಕದಲ್ಲಿ ‘ಲೈಕ್ಲಿ’ ಅಂದರೆ ಶೇ. 66ರಿಂದ 100, ‘ವೆರಿ ಲೈಕ್ಲಿ’ ಅಂದರೆ ಶೇ. 90ರಿಂದ 100, ‘ಅನ್‌ಲೈಕ್ಲಿ’ ಅಂದರೆ ಶೇ. 33ರ ಒಳಗೆ. ಮೇಲ್ ಬರೆಯುವ ಮ್ಯಾನೇಜರ್ ಇಷ್ಟೆಲ್ಲ ಯೋಚಿಸಿರಲ್ಲ ಬಿಡಿ. ಆದರೆ ಅಂಕಿ ಇಲ್ಲದಿದ್ದರೆ ಏನಾಗುತ್ತೆ ನೋಡಿ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ವರದಿಯೊಂದು ಯುಗೊಸ್ಲಾವಿಯಾ ಮೇಲೆ ದಾಳಿಯಾಗುವ ‘ಸೀರಿಯಸ್ ಪಾಸಿಬಿಲಿಟಿ’ ಇದೆ ಅಂದಿತು. ಆ ವರದಿಯ ಹಿಂದಿದ್ದ ಅಧಿಕಾರಿ ಶೆರ್ಮನ್ ಕೆಂಟ್ ಮನಸ್ಸಿನಲ್ಲಿದ್ದದ್ದು ಶೇ. 65ರಷ್ಟು. ಆಮೇಲೆ ಸಹೋದ್ಯೋಗಿಗಳನ್ನು ಕೇಳಿದರೆ ಒಬ್ಬರು 20 ಅಂದರು, ಇನ್ನೊಬ್ಬರು 80! ಎಲ್ಲರೂ ಆ ಒಂದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟವರೇ. ಅದಕ್ಕೇ ನಾನು ಮುಖ್ಯವಾದ ಕಡೆ ಪದದ ಪಕ್ಕ ಅಂಕಿಯನ್ನೂ ಬರೆಯುತ್ತೇನೆ. ಮೇಲ್ ನಿಮಗೆ ಬಂದಿದ್ದರೆ ‘ಎಷ್ಟು ಗ್ಯಾರಂಟಿ?’ ಅಂತ ವಾಪಸ್ ಕೇಳಿ, ತಪ್ಪೇನಿಲ್ಲ.

ಕೇಳಿದವರು: ಕೇಳಿದೆ, ‘ತೊಂಬತ್ತು ಪರ್ಸೆಂಟ್’ ಅಂದರು. ‘ಲೈಕ್ಲಿಹುಡ್’ ಕೂಡ ಇದೇ ಅರ್ಥನಾ?

ಸಂಖ್ಯಾಶಾಸ್ತ್ರ ಓದಿದವಳು: ಮಾತಿನಲ್ಲಿ ಹೌದು. ನಮ್ಮ ಪಾಠದಲ್ಲಿ ಬೇರೆ. ನಾಣ್ಯವನ್ನು 10 ಸಲ ಚಿಮ್ಮುವ ಮುಂಚೆ ‘7 ಸಲ ಹೆಡ್ ಬೀಳುವ ಸಂಭವ ಎಷ್ಟು’ ಅನ್ನೋದು ಪ್ರಾಬಬಿಲಿಟಿ. 7 ಬಿದ್ದಾಯ್ತು, ಈಗ ‘ನಾಣ್ಯ ಸಮವಾಗಿದೆಯಾ, ವಾಲಿದೆಯಾ, ಯಾವ ಊಹೆ ಇದಕ್ಕೆ ಚೆನ್ನಾಗಿ ಹೊಂದುತ್ತೆ’ ಅನ್ನೋದಕ್ಕೆ ಲೈಕ್ಲಿಹುಡ್. ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ 1920ರ ದಶಕದ ಆರಂಭದಲ್ಲಿ ಇವೆರಡನ್ನೂ ಬೇರೆ ಮಾಡಿದರು. ಪರೀಕ್ಷೆ ಬರೆಯುತ್ತಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಅನುವಾದಕಿ: ಇನ್ನೊಂದು ಮರೆತಿದ್ದೆ. ಯಾರಾದರೂ ‘ಎ ಲೈಕ್ಲಿ ಸ್ಟೋರಿ!’ ಅಂದರೆ ನಿಮ್ಮನ್ನು ನಂಬಿದ್ದಾರೆ ಅಂದುಕೊಳ್ಳಬೇಡಿ. ಅದು ‘ಹೌದೌದು, ನಂಬಿದೆ ಬಿಡು’ ಅನ್ನೋ ಧಾಟಿ.